ಐಸ್ ಪೆಟ್ಟಿಗೆಯಲ್ಲಿ ಸಿಹಿಯಾದ ಗಂಜಿ

ಷಿಬಾಯ್ಗನ್,
ಮಂಗಳವಾರ, ಮಾರ್ಚ್ ೧೮, ೧೯೯೭

ಮೈಲೋ,

ನಿನ್ನ ಚೀಟಿ ಗುರುವಾರ ಬಂತು. ಇಪ್ಪತ್ತೊಂಬತ್ತು ವರ್ಷ ಜೊತೆಗೆ ಸಂಸಾರ ಮಾಡಿದವಳಿಗೆ ನಾಲ್ಕೇ ನಾಲ್ಕು ಸಾಲು. ಇಪ್ಪತ್ತೆರಡನೇ ತಾರೀಖು ಶನಿವಾರ ಬಿಯರ್ ಸಂಘದ ರೋಲಂಡ್ ತನ್ನ ಟ್ರಕ್ ತರುತ್ತಾನೆ, ಗ್ಯಾರೇಜಿನಲ್ಲಿರುವ ಬಿಯರಿನ ಸಾಮಾನನ್ನೆಲ್ಲ ಕೊಟ್ಟು ಕಳಿಸು, ಅಷ್ಟಾದರೆ ಆ ಮನೆಯಲ್ಲಿ ನನ್ನದೆನ್ನುವುದು ಇನ್ನೇನೂ ಉಳಿಯುವುದಿಲ್ಲ ಎಂದು ಬರೆದಿದ್ದೀಯ. ನೀನು ಗ್ರೀನ್ ಬೇಯಲ್ಲಿ ಅಕ್ಕನ ಮನೆ ಸೇರಿ ಆರು ತಿಂಗಳಾಯಿತು. ಇಷ್ಟು ದಿನವೂ ಗ್ಯಾರೇಜಿನ ಬಾಗಿಲು ದಾಟುವಾಗಲೆಲ್ಲ, ಸಾಮಾನು ಇಲ್ಲೇ ಇದೆಯಲ್ಲ, ನನಗಾಗಿ ಅಲ್ಲದಿದ್ದರೂ ಅದಕ್ಕಾದರೂ ಒಂದು ದಿನ ಬರುತ್ತಾನೆ ಎಂದುಕೊಳ್ಳುತ್ತಿದ್ದೆ. ನೀನು ನೋಡಿದರೆ ಟ್ರಕ್ ಕಳಿಸುತ್ತಿದ್ದೀಯ.

ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಪಾತ್ರೆ ತೊಳೆಯುತ್ತೇನೆಂದು ನಿನಗೆ ಗೊತ್ತೇ ಇದೆ. ಕೊಳಕು ಪಾತ್ರೆ ಕೊಟ್ಟು ಕಳಿಸಿದಳು ಎಂದು ನಿನ್ನ ಅಕ್ಕ ಆಡಿಕೊಳ್ಳುವುದು ಬೇಡ ಎಂದು ಶುಕ್ರವಾರ ಸ್ಕೂಲಿನಿಂದ ಬಂದವಳೇ ಏಪ್ರನ್ ಕೂಡ ಬಿಚ್ಚದೆ ಗ್ಯಾರೇಜಿಗೆ ಹೋದೆ. ಎಲ್ಲಕ್ಕಿಂತ ಮೊದಲು ಕೈಗೆ ಸಿಕ್ಕಿದ್ದು ನಮ್ಮ ನೀಲಿ ಐಸ್ ಪೆಟ್ಟಿಗೆ. ಸರೋವರಕ್ಕೆ ಹೋಗುವಾಗಲೆಲ್ಲ ಸಾಸೇಜು, ಸೋಡಾ ತುಂಬಿಕೊಂಡು ಹೋಗುತ್ತಿದ್ದ ಅದೇ ಪೆಟ್ಟಿಗೆಗೆ ನೀನು ತೂತು ಕೊರೆದು ನಲ್ಲಿ ಕೂರಿಸಿದಾಗ ನಾನು ಎಷ್ಟು ಕೂಗಾಡಿದ್ದೆ! ಮುಚ್ಚಳ ತೆಗೆದರೆ ತಳದಲ್ಲಿ ನಿನ್ನ ತಾಮ್ರದ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ನಿನ್ನ ನೋಟುಪುಸ್ತಕ.

ಕೊಳವೆಯನ್ನು ತಿರುಗಿಸಿ ನೋಡಿದೆ. ಕೆಳಮುಖಕ್ಕೆ ಗರಗಸದಿಂದ ಕೊಯ್ದ ಸೀಳುಗಳು. ಒಂದರ ಪಕ್ಕ ಒಂದು, ನನ್ನ ಕಿರುಬೆರಳಿನ ಅಗಲದಷ್ಟು ಅಂತರ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಬೆರಳಿಟ್ಟು ಎಣಿಸಿದೆ: ನೂರ ನಲವತ್ತನಾಲ್ಕು. ಮೂವತ್ತು ವರ್ಷ ಊರಿನ ಮನೆಮನೆಗೂ ನಲ್ಲಿ ಜೋಡಿಸಿ, ಮಂಡಿ ಸವೆದು, ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟವನು ನೀನು. ಹೋದ ಬೇಸಿಗೆಯಿಡೀ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಕರಕರ ಎಂದು ಕೊಯ್ಯುತ್ತಿದ್ದೆ. ನಾನು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ.

ಇದೆಲ್ಲ ಶುರುವಾದದ್ದೂ ನನ್ನ ಬಾಯಿಂದಲೇ, ಮರೆತಿಲ್ಲ. ನಿಮ್ಮ ಬಿಯರ್ ಸಂಘದ ಒಂಬತ್ತು ಗಂಡಸರೂ ನಮ್ಮ ನೆಲಮಾಳಿಗೆಯಲ್ಲಿ ಕೂತು ನಿನ್ನ ಹೊಸ ಬಿಯರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಚೀಸಿನ ತಟ್ಟೆ ಇಡಲು ಬಂದವಳು ಸುಮ್ಮನೆ ಹೋಗಬಾರದಾಗಿತ್ತೆ? "ಮಾಲ್ಟಿನ ಪಾಕದ ಡಬ್ಬಿ ತೆರ್ದು ನೀರಿಗೆ ಸುರ್ಯೋದಕ್ಕೆ ಇಷ್ಟು ಜಂಬಾನಾ? ನಾನು ಸ್ಕೂಲಲ್ಲಿ ದಿನಾ ನಾನೂರು ಮಕ್ಕಳಿಗೆ ಡಬ್ಬಿ ತೆರೀತೀನಪ್ಪ, ನಂಗ್ಯಾರೂ ಚಪ್ಪಾಳೆ ತಟ್ಟಲ್ಲ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ನಿನ್ನ ಕಿವಿ ಕೆಂಪಾಗಿತ್ತು. ಅವತ್ತಿನಿಂದ ನೀನು ಡಬ್ಬಿ ಮುಟ್ಟಲಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮೂಟೆ ಬಂತು, ಬೀಸುವ ಯಂತ್ರ ಬಂತು, ಪೆಟ್ಟಿಗೆಗೆ ತೂತು ಬಿತ್ತು. ಸೆಪ್ಟೆಂಬರ್ ಕೊನೆಗೆ ನೀನು ಕಾಳಿನಿಂದಲೇ ಮೊದಲ ಬಿಯರು ಮಾಡಿದೆ. ಮಾರನೆಯ ದಿನ ಅದರ ಬಕೆಟ್ಟನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಕರೆದುಕೊಂಡು ಹೋಗಿಯೇ ಬಿಟ್ಟೆ. ಡಬ್ಬಿಯ ಒಂದು ಮಾತಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಚರ್ಚಿನಲ್ಲಿ, ಅಂಗಡಿಯಲ್ಲಿ, ಸ್ಕೂಲಿನಲ್ಲಿ ಎಲ್ಲರೆದುರೂ ನಾನು ಹೇಳಿಕೊಂಡು ತಿರುಗಿದೆ.

ಇರಲಿ. ಪೆಟ್ಟಿಗೆ ತೊಳೆದು ಒರೆಸಿದ ಮೇಲೆ ನೋಟುಪುಸ್ತಕ ತೆರೆದೆ. ಕೊಳಾಯಿ ಕೆಲಸದವನ ಅಕ್ಷರ, ಪೆನ್ಸಿಲ್ ಮೊಂಡು. ಆದರೂ ನಿಂತಲ್ಲೇ ಓದಿ ಮುಗಿಸಿದೆ. "ಮೊಳಕೆ ಬಂದ ಕಾಳು ತನ್ನ ಗಿಡಕ್ಕೆಂದು ಕಟ್ಟಿಟ್ಟುಕೊಂಡ ಬುತ್ತಿ ಒಳಗೇ ಇರುತ್ತದೆ. ಬಿಸಿನೀರು ಅದನ್ನು ಬಿಚ್ಚುತ್ತದೆ" ಎಂದು ಒಂದು ಕಡೆ ಬರೆದಿದ್ದೀಯ. ನನ್ನ ಗಂಡ ಇಂಥ ಮಾತು ಬರೆಯಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಟ್ರಕ್ ಬರುವುದರೊಳಗೆ ಒಂದು ಸಲ, ಒಂದೇ ಒಂದು ಸಲ ನೋಡಿಯೇ ಬಿಡೋಣ ಅನ್ನಿಸಿತು.

ಭಾನುವಾರ ಚರ್ಚಿನಿಂದ ಬಂದು ಕೋಟಿನ ಮೇಲೆಯೇ ಏಪ್ರನ್ ಕಟ್ಟಿಕೊಂಡೆ. ಗ್ಯಾರೇಜಿನಲ್ಲಿ ಬಾಯಿಂದ ಹೊಗೆ ಬರುವಷ್ಟು ಚಳಿ. ತಗಡಿನ ಡಬ್ಬದಲ್ಲಿ ನೀನು ಬಿಟ್ಟುಹೋದ ಬಾರ್ಲಿ ಗರಿಗರಿಯಾಗಿಯೇ ಇತ್ತು. ಹತ್ತು ಪೌಂಡು ತೂಗಿ, ನಿನ್ನ ಯಂತ್ರದ ಹಿಡಿ ತಿರುಗಿಸಿ ತರಿ ಮಾಡಿದೆ. ರಟ್ಟೆ ಬಿದ್ದುಹೋಯಿತು. ತಂಪು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ, ಮೊದಲು ಅದನ್ನು ಬಿಸಿನೀರಿನಿಂದ ಕಾಯಿಸಿಕೋ ಎಂದು ಬರೆದಿದ್ದೆಯಲ್ಲ, ಅದನ್ನೂ ಮಾಡಿದೆ. ಕಾಯಿಸಿದ ನೀರು, ಕಾಳು ಬೆರೆಸಿ ಥರ್ಮಾಮೀಟರ್ ಇಳಿಸಿದರೆ, ನೀನು ಬರೆದಂತೆಯೇ ಸರಿಯಾಗಿ ನೂರೈವತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಸ್ಕೂಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಮೊದಲು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬರೀ ಹಿಟ್ಟು ಕದಡಿದ ನೀರು. ಮಕ್ಕಳು ತಟ್ಟೆಯಲ್ಲೇ ಬಿಟ್ಟು ಏಳುವ ಗಂಜಿಯಂಥದ್ದು.

ಇನ್ನು ನನ್ನ ತಪ್ಪು ಕೇಳು. "ಕಲಕಬೇಡ. ಮುಚ್ಚಳ ತೆಗೆಯಬೇಡ" ಎಂದು ನೀನು ಅದೊಂದನ್ನು ಮಾತ್ರ ಕೆಂಪು ಶಾಯಿಯಲ್ಲಿ, ಎರಡು ಗೆರೆ ಎಳೆದು ಬರೆದಿದ್ದೆ. ನಾನಾದರೋ ಗಂಜಿ ಕಂಡರೆ ಕಲಕುವ ಕೈಯವಳು. ನಾನೂರು ಮಕ್ಕಳ ಓಟ್ಸು ತಳ ಹಿಡಿಯದಂತೆ ನೋಡಿಕೊಂಡವಳು ಸುಮ್ಮನೆ ಹೇಗೆ ಕೂರಲಿ? ಒಲೆಯೇ ಇಲ್ಲದ ಪೆಟ್ಟಿಗೆಯಲ್ಲಿ ತಳ ಹಿಡಿಯುವುದೆಲ್ಲಿಂದ ಎಂದು ತಲೆಗೆ ಗೊತ್ತು, ಕೈಗೆ ಗೊತ್ತಾಗಬೇಕಲ್ಲ! ಐದೈದು ನಿಮಿಷಕ್ಕೆ ಮುಚ್ಚಳ ಎತ್ತುವುದು, ಒಂದು ಸುತ್ತು ತಿರುಗಿಸುವುದು. ನೋಡನೋಡುತ್ತ ಆರು ಡಿಗ್ರಿ ಇಳಿದೇ ಹೋಯಿತು. ಕೆಟಲಿನಲ್ಲಿ ನೀರು ಕುದಿಸಿ ತಂದು ಸುರಿದು, ಮೇಲೆ ಹಾಸಿಗೆಯ ರಜಾಯಿ ಹೊದಿಸಿ, ಕೊನೆಗೆ ಎರಡೂ ಕೈಗಳ ಮೇಲೆ ಕೂತುಕೊಂಡೆ. ನಿಜವಾಗಿಯೂ, ನಿನ್ನ ಅದೇ ಬಕೆಟ್ಟಿನ ಮೇಲೆ, ಅಂಗೈಗಳನ್ನು ಅಡಿಗೆ ಹಾಕಿಕೊಂಡು.

ಒಂದು ಗಂಟೆ ಕಳೆಯಿತು. ಮುಚ್ಚಳ ತೆಗೆದರೆ ವಾಸನೆಯೇ ಬೇರೆ. ಬೆಳಗಿನ ಬ್ರೆಡ್ ಅಂಗಡಿಯ ಬಾಗಿಲು ತೆರೆದಂತಿತ್ತು. ಗಾಯಕ್ಕೆ ಹಚ್ಚುವ ಅಯೋಡಿನ್ ಸೀಸೆ ತಂದು, ಬಿಳಿ ಸಾಸರಿನಲ್ಲಿ ಒಂದು ತೊಟ್ಟು ರಸ ಹಾಕಿ, ಮೇಲೆ ಒಂದು ಹನಿ ಬಿಟ್ಟೆ. ಹಿಟ್ಟಿದ್ದರೆ ಅಯೋಡಿನ್ ಕಪ್ಪಾಗುತ್ತದೆ ಎಂದು ನೀನು ಬರೆದಿದ್ದೆ; ಶುರುವಿನಲ್ಲಿ ಹೀಗೆ ಮಾಡಿದಾಗ ಮಸಿಯಂತೆ ಕಪ್ಪಾಗಿತ್ತು. ಈಗ ಹನಿ ಕಂದುಬಣ್ಣದಲ್ಲಿ ಬಿತ್ತು, ಕಂದಾಗಿಯೇ ಉಳಿಯಿತು. ಹಿಟ್ಟೆಂಬುದೇ ಅದರಲ್ಲಿ ಇರಲಿಲ್ಲ. ಚಮಚ ತುಂಬಿ ಬಾಯಿಗೆ ಹಾಕಿಕೊಂಡೆ. ಮೈಲೋ, ಸಿಹಿ! ಸುಳ್ಳುಪಳ್ಳು ಸಿಹಿಯಲ್ಲ, ನಾಲಿಗೆಯ ಎರಡು ಅಂಚಿಗೂ ಹತ್ತುವ ಸಿಹಿ. ನಾನು ಸಕ್ಕರೆ ಮುಟ್ಟಿಲ್ಲ. ಗಂಜಿಯನ್ನು ಒಲೆಗೇರಿಸಿಲ್ಲ. ಹಾಕಿದ್ದು ಕಾಳು, ಬಿಸಿನೀರು, ಅಷ್ಟೇ. ನಾನು ಕೈಕಟ್ಟಿ ಕೂತಿದ್ದಾಗ, ಸಾಸೇಜು ಒಯ್ಯುವ ಪೆಟ್ಟಿಗೆಯ ಕತ್ತಲಲ್ಲಿ, ಅದರ ಪಾಡಿಗೆ ಅದು ಬದಲಾಗಿತ್ತು. ಇಷ್ಟು ವರ್ಷ ಅಡುಗೆಯೆಂದರೆ ನಾನು ಮಾಡುವುದು ಎಂದುಕೊಂಡಿದ್ದೆ. ಅವತ್ತು ಮೊದಲ ಬಾರಿಗೆ ನಾನಿಲ್ಲದೆ ಆದದ್ದನ್ನು ಕಂಡೆ. ಚರ್ಚಿನಲ್ಲಿ ಕೂಡ ನನಗೆ ಹಾಗೆ ಮೈ ಜುಮ್ಮೆಂದದ್ದಿಲ್ಲ, ಪಾದ್ರಿಗೆ ಹೇಳಬೇಡ.

ಆಮೇಲೆ ನಲ್ಲಿ ತಿರುಗಿಸಿದೆ. ಮೊದಲು ಬಂದದ್ದು ರಾಡಿ. ಅದನ್ನು ಮೆಲ್ಲಗೆ ವಾಪಸ್ಸು ಮೇಲೆ ಸುರಿ, ತಿಳಿಯಾಗುವವರೆಗೆ ಸುರಿ ಎಂದು ನೀನು ಬರೆದಿದ್ದೆ, ಸುರಿದೆ. ತಿಳಿಯಾಗುತ್ತ ಬಂತು. ಅಷ್ಟರಲ್ಲಿ ಮತ್ತೆ ನನ್ನ ಕೈ ಸುಮ್ಮನಿರಲಿಲ್ಲ, ಬೇಗ ಇಳಿಯಲಿ ಎಂದು ಒಂದು ಸುತ್ತು ಕಲಕಿದೆ. ಧಾರೆ ದಾರವಾಯಿತು, ದಾರ ಹನಿಯಾಯಿತು, ಹನಿಯೂ ನಿಂತಿತು. ಹತ್ತು ಪೌಂಡು ಕಾಳು ಸಿಮೆಂಟಿನಂತೆ ಕೂತುಬಿಟ್ಟಿತು. ಅಳು ಬಂತು. ರೋಲಂಡನಿಗೆ ಫೋನ್ ಮಾಡಿದೆ.

"ಕಲಕಿದ್ಯಾ?" ಎಂದ ಅವನು, ನಾನು ಪೂರ್ತಿ ಹೇಳುವ ಮೊದಲೇ.

"ಇಲ್ಲಪ್ಪ."

"ನಿಜ ಹೇಳಮ್ಮಾ."

"ಒಂಚೂರು."

"ಹಾಂ, ಸ್ಕೂಲಿನ ಗಂಜಿ ಕಲಕಿದ ಕೈ ಸುಮ್ನಿರತ್ತಾ! ನಲ್ಲಿ ಪೈಪಿಗೆ ಬಾಯಿಟ್ಟು ಊದು."

"ಏನಂದೆ?"

"ಊದು ತಾಯೀ, ಬಲೂನ್ ಊದ್ದಂಗೆ. ನಿನ್ ಗಂಡಾನೂ ಊದಿದ್ದ, ಕಣ್ಣು ಹೊರಗ್ ಬರೋ ತನಕ."

ಅರವತ್ತಕ್ಕೆ ಎರಡು ವರ್ಷ ಬಾಕಿ ಇರುವ ಹೆಂಗಸು ಗ್ಯಾರೇಜಿನ ನೆಲದ ಮೇಲೆ ಮಂಡಿಯೂರಿ, ಚರ್ಚಿಗೆ ಹಾಕಿದ ಕೋಟು ಬಿಚ್ಚದೆ, ಐಸ್ ಪೆಟ್ಟಿಗೆಯ ಬಾಲಕ್ಕೆ ಬಾಯಿಟ್ಟು ಊದುವುದನ್ನು ನೀನು ನೋಡಬೇಕಿತ್ತು. ಪಕ್ಕದ ಮನೆಯ ಬರ್ನೀಸ್ ನೋಡಿದಳು. ಬೇಲಿಯಾಚೆಯಿಂದ "ಆರ್ಲೀನ್, ಹುಷಾರಾಗಿದೀಯ ತಾನೇ?" ಎಂದು ಕೇಳಿದಳು. ನಾನು ಊದುತ್ತಲೇ ಕೈ ಆಡಿಸಿದೆ. ಒಳಗೆಲ್ಲೋ ಗುಳುಗುಳು ಎಂದಿತು, ಮೇಲೆ ಒಂದು ದೊಡ್ಡ ಗುಳ್ಳೆ ಎದ್ದಿತು, ಧಾರೆ ಬಿಟ್ಟುಕೊಂಡಿತು. ಈ ಸಲ ಕಲಕುತ್ತಿದ್ದ ಮರದ ಹುಟ್ಟನ್ನು ಬರ್ನೀಸಳ ಕೈಗೇ ಕೊಟ್ಟು, ನಾನು ಕೇಳಿದರೂ ಕೊಡಬೇಡ ಎಂದು ಕಳಿಸಿದೆ.

ರಾಡಿ ಹೋಗಿ ಮತ್ತೆ ತಿಳಿಯಾಯಿತು, ಒಂದು ಗಾಜಿನ ಲೋಟದಲ್ಲಿ ಹಿಡಿದೆ. ಸಂಜೆಬಿಸಿಲು ಗ್ಯಾರೇಜಿನ ಬಾಗಿಲಿನಿಂದ ನೇರ ಅದರ ಮೇಲೆ ಬಿದ್ದಿತ್ತು. ಜೇನಿನ ಬಣ್ಣ, ಅದರಾಚೆಗೆ ನನ್ನ ಬೆರಳು ಕಾಣಿಸುತ್ತಿತ್ತು. ಯಾವ ಬಟ್ಟೆಯೂ ಇಲ್ಲ, ಜರಡಿಯೂ ಇಲ್ಲ. ಕಾಳಿನ ಸಿಪ್ಪೆಗಳೇ ಒಂದರ ಮೇಲೊಂದು ಕೂತು ತಮ್ಮ ರಸವನ್ನು ತಾವೇ ಸೋಸಿಕೊಳ್ಳುತ್ತಿದ್ದವು. ನಿನ್ನ ನೂರ ನಲವತ್ತನಾಲ್ಕು ಸೀಳಿನಿಂದ ಒಂದು ಸಿಪ್ಪೆಯೂ ಜಾರಿ ಬರಲಿಲ್ಲ. ಇಷ್ಟು ಅಂದವಾದ ಕೆಲಸವನ್ನು ನಮ್ಮ ಮನೆಯ ಗ್ಯಾರೇಜಿನಲ್ಲಿ ಒಬ್ಬ ಮನುಷ್ಯ ಮಾಡುತ್ತಿದ್ದ, ನಾನು ಕಿಟಕಿ ಮುಚ್ಚಿಕೊಂಡಿದ್ದೆ ಎಂದು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮಿಕ್ಕಿದ್ದು ನಿನಗೆ ಗೊತ್ತು. ಹೊರಗೆ ಗ್ಯಾಸ್ ಒಲೆಯ ಮೇಲೆ ಒಂದು ಗಂಟೆ ಕುದಿಸಿದೆ. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ ನೀನು ಬಚ್ಚಿಟ್ಟಿದ್ದ, ಕಹಿ ಕೊಡುವ ಹಾಪ್ಸ್ ಹೂ ಹಾಕಿದೆ. ತಣ್ಣೀರು ಹರಿಯುವ ತಾಮ್ರದ ಸುರುಳಿ ಇಳಿಸಿ ತಣ್ಣಗೆ ಮಾಡಿ, ಬಕೆಟ್ಟಿಗೆ ಸುರಿದು ಯೀಸ್ಟ್ ಉದುರಿಸಿದೆ. ಸೋಮವಾರ ಕೆಲಸಕ್ಕೆ ಹೊರಡುವ ಹೊತ್ತಿಗೆ ಬಕೆಟ್ಟಿನ ಮುಚ್ಚಳದ ಕೊಳವೆಯಲ್ಲಿ ಗುಳುಕ್ ಗುಳುಕ್ ಎನ್ನುತ್ತಿತ್ತು. ಮನೆಯಲ್ಲಿ ಆರು ತಿಂಗಳ ಮೇಲೆ ನನ್ನದಲ್ಲದ ಎರಡನೆಯ ಸದ್ದು ಕೇಳಿಸಿತು.

ಅದಕ್ಕೇ ಶನಿವಾರ ಟ್ರಕ್ ತರಬೇಡ ಎಂದು ರೋಲಂಡನಿಗೆ ಹೇಳಿಬಿಟ್ಟಿದ್ದೇನೆ. ಬಿಯರ್ ಹುದುಗು ಬರುವಾಗ ಬಕೆಟ್ ಅಲುಗಾಡಿಸಬಾರದು ಎಂದೆ. "ಮೈಲೋ ತನ್ನದನ್ನ ಗ್ರೀನ್ ಬೇ ತನಕ ಕಾರಲ್ಲಿ ಕುಲುಕಿಸ್ಕೊಂಡ್ ಹೋಗಿದ್ನಲ್ಲಮ್ಮ, ಏನಾಯ್ತು?" ಎಂದ. ಅದು ಅವನ ಬಿಯರು, ಇದು ನನ್ನದು ಎಂದೆ. "ಸರಿ, ನನ್ ಟ್ರಕ್ಕಿನ ಟೈರೂ ಪಂಕ್ಚರ್ ಆಗಿದೆ ಅಂತ ಇಟ್ಕೋ" ಎಂದು ಫೋನಿಟ್ಟ. ಒಳ್ಳೆಯವನು.

ಸಾಮಾನು ನಿನ್ನದೇ. ನಾನು ಇಟ್ಟುಕೊಳ್ಳುವುದಿಲ್ಲ. ಆದರೆ ನಿನಗೆ ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು. ಏಪ್ರಿಲ್ ಆರನೇ ತಾರೀಖು ಭಾನುವಾರ ಬಾಟಲಿಗೆ ತುಂಬಬೇಕು. ಒಬ್ಬರು ತುಂಬಿದರೆ ಇನ್ನೊಬ್ಬರು ಮುಚ್ಚಳ ಒತ್ತಬೇಕು, ಒಬ್ಬಳಿಂದ ಆಗುವ ಕೆಲಸವಲ್ಲ. ಮುಚ್ಚಳವನ್ನು ಕೂತೇ ಒತ್ತಬಹುದು, ನಿನ್ನ ಮಂಡಿಗೆ ತೊಂದರೆಯಿಲ್ಲ. ಬಂದರೆ ಟ್ರಕ್ ಬೇಡ, ಕಾರಿನಲ್ಲೇ ಬಾ. ಬಂದಮೇಲೆ ಉಳಿಯುತ್ತೀಯೋ ಸಾಮಾನು ಹೇರಿಕೊಂಡು ಹೋಗುತ್ತೀಯೋ ನಿನಗೆ ಬಿಟ್ಟದ್ದು. ಉಳಿಯಬೇಕೆಂದು ನನಗೆ ಆಸೆಯಿದೆ. ಇದನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ನಿನ್ನ ಹೆಂಡತಿ,
ಆರ್ಲೀನ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಹೋದದ್ದು ಡಬ್ಬಿಯ ಮಾತಿಗಲ್ಲ ಎಂದು ನನಗೆ ಮೊದಲಿಂದ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಆ ಸೆಪ್ಟೆಂಬರ್ ಭಾನುವಾರ ನೀನು ಕುಂಟುತ್ತ ಅಡುಗೆಮನೆಗೆ ಓಡಿ ಬಂದೆ, ಒಂದು ಕೈಯಲ್ಲಿ ಗಂಜಿ ತುಂಬಿದ ಚಮಚ, ಕೆಳಗೆ ಇನ್ನೊಂದು ಅಂಗೈ. "ಬಾಯಿ ತೆಗಿ, ಬಾಯಿ ತೆಗಿ" ಎಂದೆ. ಹಲ್ಲುಜ್ಜಿ ಆಯಿತು ಎಂದೆ ನಾನು. ಮಧ್ಯಾಹ್ನ ಮೂರು ಗಂಟೆಗೆ ಆ ನೆಪ. ನೀನು ಚಮಚ ಹಿಡಿದುಕೊಂಡೇ ವಾಪಸ್ಸು ಹೋದೆ. ಮೊನ್ನೆ ಗಂಜಿ ಸಿಹಿಯಾದಾಗ ನಾನೂ ಹಾಗೆಯೇ ಚಮಚ ಹಿಡಿದು ಒಳಗೆ ಓಡಿದೆ, ಮೈಲೋ. "ಬಾಯಿ ತೆಗಿ" ಎಂದು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ನಾನು ಓಡಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನೀನು ಓಡಿ ಬಂದಾಗ ನಾನಿದ್ದೆ.