ಜಾರುಗೆರೆಯನ್ನು ಅಳಿಸಿದವರಿಗೆ

ಕೂಡುನುಡಿಯ ಸ್ವರಲಿಪಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನನ್ನ ತಾಯಿಯ ಜೋಗುಳದ ಜೀವ ತೆಗೆದಿದ್ದೀರಿ. ಅದೂ ನಿಯಮಬದ್ಧವಾಗಿ.

ಯಾರ ತಾಯ್ನುಡಿಯೂ ಅಲ್ಲದ, ಆದ್ದರಿಂದ ಎಲ್ಲರಿಗೂ ಸಲ್ಲಬೇಕೆಂದು ಕಟ್ಟಿದ ಭಾಷೆ ನಮ್ಮ ಕೂಡುನುಡಿ. ಅದರ ಹಾಡುಗಳನ್ನು ಬರೆದಿಡಲು ಯಾವ ಸಂಸ್ಕೃತಿಯ ಕಡೆಗೂ ವಾಲದ ಸ್ವರಲಿಪಿ ಬೇಕೆಂದಿರಿ. ಹಾಡು ಕಲಿಸಿ ಬದುಕಿದ ನನ್ನನ್ನೂ ಸದಸ್ಯೆಯಾಗಿ ಕರೆದಿರಿ. ಉದ್ದನೆಯ ಮೇಜು, ಆರಿದ ಚಹಾ, ನಡುವೆ ನಿಮ್ಮ ಏಕೈಕ ನಿಯಮ: ಯಾವುದೇ ಚಿಹ್ನೆಯನ್ನು ಒಬ್ಬರಾದರೂ 'ಇದು ನಮ್ಮದು' ಎಂದು ಗುರುತಿಸಿದರೆ ಅದನ್ನು ಹೊಡೆದುಹಾಕಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವುದನ್ನು ತೋರಿಸುವ ಬಾಗಿದ ಗೆರೆ ಪರದೆಯ ಮೇಲೆ ಬಂದಾಗ ನಾನು ಖುಷಿಯಿಂದ, "ಅಯ್ಯೋ, ನಮ್ಮಮ್ಮ ಹೀಗೇ ಹಾಡ್ತಿದ್ರು" ಎಂದುಬಿಟ್ಟೆ. ನೀವು ಕೆಂಪು ಪೆನ್ನು ತೆಗೆದಿರಿ. ಎದುರು ಕೂತಿದ್ದ ಪಿಟೀಲಿನವರು, "ನಮ್ಮ ಕಡೇಲೂ ಹೀಗೇ" ಎಂದರು. ಇಬ್ಬರದೂ ಆದರೆ ಉಳಿದೀತು ಎಂದುಕೊಂಡೆ. "ಹಾಗಾದ್ರೆ ಎರಡು ಪಟ್ಟು ಪಕ್ಷಪಾತ" ಎಂದಿರಿ. ಎಲ್ಲರೂ ಬಲ್ಲದ್ದು ಯಾರಿಗೂ ಸಲ್ಲದ್ದು ಹೇಗಾಯಿತು ಸ್ವಾಮಿ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲವೇ? ಕೊನೆಗೆ ಉಳಿದದ್ದು ಸಮದೂರದ ಚುಕ್ಕಿಗಳು. ಅವನ್ನು ತನ್ನವೆಂದು ಹೇಳಬಲ್ಲದ್ದು ಗೋಡೆಯ ಗಡಿಯಾರವೊಂದೇ. ಅದಕ್ಕೆ ಸಮಿತಿಯಲ್ಲಿ ಮತವಿರಲಿಲ್ಲ.

ನನ್ನ ಅಳಿಯನ ತಾಯ್ನುಡಿ ಬೇರೆ, ಹಾಗಾಗಿ ಮನೆಯಲ್ಲಿ ನಾವು ಆಡುವುದು ಕೂಡುನುಡಿ. ಮಗಳಿಗೆ ರಾಗವೇ ಹತ್ತದು, ನನ್ನ ಕಸುಬಿಗೆ ಅದೇ ದೃಷ್ಟಿಬೊಟ್ಟು. ಮೊಮ್ಮಗಳನ್ನು ಮಲಗಿಸುವವನು ಅಳಿಯ. ಜೋಗುಳವನ್ನು ಕೂಡುನುಡಿಗೆ ತಂದು ನಿಮ್ಮ ಚುಕ್ಕಿಗಳಲ್ಲಿ ಬರೆದುಕೊಟ್ಟೆ. ಪಾಪ, ಒಂದು ಚುಕ್ಕಿಯೂ ತಪ್ಪದಂತೆ ಹಾಡಿದ. ಮಗು ಪಿಳಿಪಿಳಿ ಕಣ್ಣು ಬಿಟ್ಟುಕೊಂಡೇ ಇತ್ತು.

"ಅತ್ತೆ, ಬರೆದ ಹಾಗೇ ಹಾಡಿದೆ. ತೂಗೋದು ಎಲ್ಲಿದೆ ಇದ್ರಲ್ಲಿ?" ಎಂದ.

ತೋರಿಸಲು ಹೋದೆ; ಅರ್ಧಕ್ಕೇ ದನಿ ಒಡೆಯಿತು. ಗಂಟಲಲ್ಲಿ ಗಡ್ಡೆ. ಬರುವ ತಿಂಗಳು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ನನಗೆ ಭಯವಾಗಿದೆ.

ಇದನ್ನು ತಿಳಿಸಿದಾಗ "ರೆಕಾರ್ಡ್ ಮಾಡಿಡಿ" ಎಂದು ನಿಮ್ಮ ಕಚೇರಿ ಪುಕ್ಕಟೆ ಸಲಹೆ ಕೊಟ್ಟಿತು. ಮಾಡಿಟ್ಟಿದ್ದೇನೆ. ಆದರೆ ನಾಳೆ ಶಾಲೆಯಲ್ಲಿ ನಿಮ್ಮ ಚುಕ್ಕಿಗಳನ್ನೇ ಕಲಿತು ಬರುವ ಮೊಮ್ಮಗಳು ಅದನ್ನು ಕೇಳಿ ಏನೆನ್ನುತ್ತಾಳೆ? ಅಜ್ಜಿ ತಪ್ಪು ಹಾಡಿದ್ದಾಳೆ ಎನ್ನುತ್ತಾಳೆ. ಪುಸ್ತಕ ಅವಳ ಪರವಾಗಿಯೇ ಇರುತ್ತದೆ.

ನನ್ನ ಬೇಡಿಕೆ ಒಂದೇ. ಆ ಗೆರೆಯನ್ನು, ಅದು ಹಲವರದು ಎಂಬ ಕಾರಣಕ್ಕೇ, ಮರಳಿ ಸೇರಿಸಿ. ಸಭೆಯನ್ನು ಈ ತಿಂಗಳೇ ಕರೆಯಿರಿ, ಬಂದು ಹಾಡಿ ತೋರಿಸುತ್ತೇನೆ. ಮುಂದಿನ ತಿಂಗಳು ಕರೆದರೆ ಬಂದು ಕೂರಬಲ್ಲೆ, ಅಷ್ಟೆ.

ಇಂತಿ,
ಸದ್ಯಕ್ಕೆ ದನಿಯಿರುವ ಒಬ್ಬ ಅಜ್ಜಿ