ಒದ್ದೆ ಬಟ್ಟೆಯಡಿ ಅಳೆದ ನಮ್ಮ ಗಾಳಿ

ಪರಿಸರ ಪರಿಣಾಮ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ಮಾನ್ಯರೇ, ನಮ್ಮ ಬೀದಿಯ ಗಾಳಿ ಶುದ್ಧವಾಗಿದೆ ಎಂದು ತಮ್ಮ ಸಮಿತಿ ಒಪ್ಪಿಕೊಂಡಿದೆ. ಹಾಗಾಗಿ ಈಗಿರುವ ಜಲ್ಲಿ ಕ್ರಷರ್ ಪಕ್ಕದಲ್ಲೇ ಅದಕ್ಕಿಂತ ದೊಡ್ಡದು ಇನ್ನೊಂದು ಬಂದರೂ ಧೂಳು ಮಿತಿಯೊಳಗೇ ಇರುತ್ತದಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಸ್ವಾಮಿ? ನಾನು ಬಟ್ಟೆ ಹೊಲಿದು ಬದುಕುವವಳು. ಬೆಳಿಗ್ಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಮಧ್ಯಾಹ್ನಕ್ಕೆ ಅದರ ಮೇಲೆ ಬೆರಳಲ್ಲೇ ಹೆಸರು ಬರೆಯಬಹುದು. ನನ್ನ ಮಗಳಿಗೆ ಉಬ್ಬಸ. ಕ್ರಷರ್ ಓಡಲು ಶುರುವಾದರೆ ಅವಳ ಎದೆ ಗೊರಗುಟ್ಟುತ್ತದೆ. ಎರಡನೆಯದು ಬಂದರೆ ಈ ಮನೆ ಬಿಟ್ಟುಬಿಡಿ ಎಂದಿದ್ದಾರೆ ಡಾಕ್ಟರು. ಬಿಟ್ಟು ಎಲ್ಲಿಗೆ ಹೋಗೋಣ, ತಮ್ಮ ಕಚೇರಿಗೇ ಬಂದು ಇರೋಣವೇ?

ಈ ಶುದ್ಧ ಗಾಳಿ ಎಲ್ಲಿಂದ ಬಂತೆಂದು ನಾನು ಹೇಳುತ್ತೇನೆ, ಕೇಳಿ. ಹೊಸ ಕ್ರಷರ್ ಕಂಪನಿಯೇ ನೇಮಿಸಿದ ಪರೀಕ್ಷಕರು ಧೂಳು ಅಳೆಯುವ ಯಂತ್ರವನ್ನು ನಮ್ಮ ತಾರಸಿಯಲ್ಲಿ ಇಟ್ಟು, "ಜೋಪಾನ ಅಜ್ಜಿ, ದುಬಾರಿ ಮಿಷನ್ನು" ಎಂದು ನನ್ನ ಅತ್ತೆಗೆ ಹೇಳಿ ಹೋದರು. ಅತ್ತೆಯ ನಿಘಂಟಿನಲ್ಲಿ ಜೋಪಾನ ಅಂದರೆ ಧೂಳು ಕೂರಬಾರದು, ಅಷ್ಟೇ. ಕ್ರಷರ್ ಸದ್ದು ಕೇಳಿದ ಕೂಡಲೇ ನಮ್ಮ ಬೀದಿಯ ಹೆಂಗಸರು ಕಿಟಕಿ, ನೀರಿನ ಕೊಡ, ಅನ್ನದ ಪಾತ್ರೆ ಎಲ್ಲದಕ್ಕೂ ಒದ್ದೆ ಬಟ್ಟೆ ಮುಚ್ಚುತ್ತೇವೆ. ಅದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅತ್ತೆ ಆ ಯಂತ್ರಕ್ಕೂ ಮುಚ್ಚಿದರು. ಕ್ರಷರ್ ನಿಂತ ಮೇಲೆ ತೆಗೆದರು. ದಿನಾ ಹಾಗೇ ಮಾಡಿದರು.

ಪರೀಕ್ಷಕರು ಒಮ್ಮೆ ಬಂದಾಗ ಕಣ್ಣಾರೆ ಕಂಡರು.

"ಇದೇನಜ್ಜಿ, ಮಿಷನ್ನಿಗೂ ಮುಸುಕು ಹಾಕಿದ್ದೀರಾ?"

"ಮತ್ತೆ? ಧೂಳು ಒಳಗೆ ಹೋದ್ರೆ ಕೆಟ್ಟುಹೋಗಲ್ವೇನಪ್ಪಾ?"

ಅವರು ನಕ್ಕರು. ನಾನು ಕೊಟ್ಟ ಟೀ ಕುಡಿದರು. ಅಂಕಿ ಬರೆದುಕೊಂಡು ಹೊರಟರು. ತಾವು ತಲೆದೂಗಿದ್ದು ಆ ಅಂಕಿಗೇ. ವಿಜ್ಞಾನಕ್ಕೆ ಜಯವಾಗಲಿ!

ವರದಿ ಹೊರಬಿದ್ದ ಮೇಲೆ ಇದನ್ನೆಲ್ಲ ತಮ್ಮ ಕಚೇರಿಯಲ್ಲಿ ಹೇಳಿಕೊಂಡೆ. ಗುಮಾಸ್ತರು ಸೌಜನ್ಯದಿಂದಲೇ ಕೇಳಿಸಿಕೊಂಡು, "ನೀವು ಹೇಳೋದು ಸರಿ ಇರಬಹುದು ಮೇಡಂ. ಆದ್ರೆ ಮರುಪರೀಕ್ಷೆಗೆ ಕಂಪನಿಯವರೇ ಅರ್ಜಿ ಹಾಕ್ಬೇಕು" ಎಂದರು. ಕಳ್ಳನ ಕೈಗೆ ಬೀಗದ ಕೈ ಕೊಡುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ತಾವು ಅದನ್ನೇ ನಿಯಮ ಮಾಡಿ ಕೂತಿದ್ದೀರಿ. ಯಂತ್ರ ಎಲ್ಲಿದೆ, ಹೇಗಿದೆ ಎಂದು ತಮ್ಮವರಲ್ಲಿ ಒಬ್ಬರಾದರೂ ನಮ್ಮ ಮೆಟ್ಟಿಲು ಹತ್ತಿ ನೋಡಿದ್ದರೆ ಗಂಟೇನು ಹೋಗುತ್ತಿತ್ತು?

ಈಗ ಅತ್ತೆಯದೇ ನನಗೆ ದೊಡ್ಡ ಚಿಂತೆ. "ನನ್ನ ಕೈಯಾರೆ ಮೊಮ್ಮಗಳ ಉಸಿರು ಕಟ್ಟಿಸಿಬಿಟ್ನಲ್ಲೇ" ಎಂದು ಊಟ ಬಿಟ್ಟು ಕೂತಿದ್ದಾರೆ. ಬಟ್ಟೆ ನೋಡಿ ನಕ್ಕವರು ಹಾಯಾಗಿದ್ದಾರೆ, ಮುಚ್ಚಿದ ಮುದುಕಿ ಅಳುತ್ತಿದ್ದಾಳೆ.

ಬರುವ ಸೋಮವಾರ ತಾವು ಅನುಮತಿಗೆ ಸಹಿ ಹಾಕಲಿದ್ದೀರಂತೆ. ಹಾಕಬೇಡಿ. ಕ್ರಷರ್ ಓಡುತ್ತಿರುವಾಗ, ತಮ್ಮದೇ ಸಿಬ್ಬಂದಿಯಿಂದ, ಇನ್ನೊಮ್ಮೆ ಅಳೆಸಿ. ಅದೂ ಆಗದೆಂದರೆ ಸಹಿ ಹಾಕಲು ನಮ್ಮ ಮನೆಗೇ ಬನ್ನಿ. ಮಗಳನ್ನು ಎದುರಿಗೆ ಕೂರಿಸುತ್ತೇನೆ. ಅವಳು ಒಂದೇ ಒಂದು ಉಸಿರನ್ನು ಪೂರ್ತಿ ಎಳೆದುಕೊಳ್ಳುವವರೆಗೆ ಕಾಯಿರಿ, ಆಮೇಲೆ ಪೆನ್ನು ತೆಗೆಯಿರಿ.

ಇಂತಿ,
ವರದಿಯ ಪ್ರಕಾರ ಯಾವ ತೊಂದರೆಯೂ ಇಲ್ಲದ ಮಗುವಿನ ತಾಯಿ