ಕಾಣಿಕೆ ಬುಟ್ಟಿಯಲ್ಲಿ ಮಾತ್ರೆ

ರಾಮಾಪುರದ ಪಕ್ಕದ ಹಳ್ಳಿ,
ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ
23 ಫೆಬ್ರವರಿ, ಭಾನುವಾರ ಸಂಜೆ

ಯಳಂದೂರಿನ ಆಸ್ಪತ್ರೆಯಲ್ಲಿ ಸೂಜಿಯನ್ನೂ, ಮನೆಯಲ್ಲಿ ನನ್ನ ಕಿವಿಯನ್ನೂ ಹಿಡಿಯುವ ಪರಮಾಧಿಕಾರ ಪಡೆದಿರುವ ಪೂಜ್ಯ ಅಕ್ಕ ಜೀವರತ್ನಳ ಸನ್ನಿಧಾನಕ್ಕೆ,

ನಿನ್ನ ತಂಗಿ ಶಾಂತಶೀಲಾ ಮೊಣಕಾಲೂರಿ ಮಾಡಿಕೊಳ್ಳುವ ಅರಿಕೆ. ಮೊಣಕಾಲೂರಿ ಎಂದದ್ದು ಅಲಂಕಾರಕ್ಕಲ್ಲ. ಈ ಕೋಣೆಯಲ್ಲಿ ಮೇಜಿಲ್ಲ, ಟ್ರಂಕಿನ ಮೇಲೆ ಹಾಳೆ ಇಟ್ಟುಕೊಂಡು ನೆಲದಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತಪ್ಪು ಟ್ರಂಕಿನದು.

ಫೋನು ಮಾಡಬಹುದಿತ್ತು. ಆದರೆ ನನ್ನ ಫೋನನ್ನು ನೀನು ನಂಬುವುದಿಲ್ಲ. ಹೋದ ಕ್ರಿಸ್‌ಮಸ್ಸಿನಲ್ಲಿ ಬಿಷಪ್ಪರ ದನಿ ಮಾಡಿ, ಗಾಯನ ಮಂಡಳಿಯಲ್ಲಿ ಅಪಸ್ವರ ಎತ್ತಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕೆಂದು ನಾನು ಕೇಳಿದಾಗ ನೀನು ವಾರ್ಡಿನ ನಡುವೆ ಎದ್ದು ನಿಂತು ಸ್ವಾಮಿ ಸ್ವಾಮಿ ಎಂದೆಯಲ್ಲ, ಅಂದಿನಿಂದ ನಾನು ಅತ್ತರೂ ನಿನಗದು ಮಿಮಿಕ್ರಿ. ಅದಕ್ಕೇ ಕಾಗದ. ಇಲ್ಲಿ ನನ್ನ ಹತ್ತಿರ ಹಾಡು ಕಲಿಯುವ, ಶನಿವಾರ ಭಾನುವಾರ ಊರಿಗೆ ಬರುವ ರೂಪ ನಾಳೆ ಮೊದಲ ಬಸ್ಸಿಗೆ ಯಳಂದೂರಿನ ಹಾಸ್ಟೆಲಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರಬೇಕೆಂದು ಹೇಳಿದ್ದೇನೆ.

ವಿಷಯ ಇಷ್ಟು. ಬುಧವಾರ ಬೆಳಿಗ್ಗೆ ಇಲ್ಲೊಬ್ಬ ಹುಣಸೆ ಮರ ಹತ್ತುತ್ತಾನೆ. ಅವನಿಗೆ ಫಿಟ್ಸ್ ಬರುತ್ತದೆ. ತಿಂಗಳಿಂದ ಮಾತ್ರೆ ಬಿಟ್ಟಿದ್ದಾನೆ. ಬಿಡಿಸಿದವಳು ನಾನು.

ನಗಬೇಡ ಅಕ್ಕ. ಮೊದಲಿಂದ ಹೇಳುತ್ತೇನೆ.

ನಮ್ಮ ದೇವಶಾಸ್ತ್ರದ ಕಾಲೇಜು ಕೊನೆಯ ವರ್ಷದವರನ್ನು ಒಂದೊಂದು ಹಳ್ಳಿಯ ಕ್ರೈಸ್ತ ಸಭೆಗೆ ಕೆಲವು ತಿಂಗಳು ಕಳಿಸುವುದು ನಿನಗೆ ಗೊತ್ತು. ಪಠ್ಯಕ್ರಮದಲ್ಲಿ ಅದರ ಹೆಸರು ಸೇವಾ ತರಬೇತಿ, ನಮ್ಮ ಹಾಸ್ಟೆಲಿನಲ್ಲಿ ವನವಾಸ. ನನ್ನ ಪಾಲಿಗೆ ಈ ಕಾಡಂಚು ಬಂತು. ಭಾನುವಾರದ ಮಕ್ಕಳಿಗೆ ಪಾಠ, ಹಾಡು ಕಲಿಸುವುದು, ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ನನ್ನ ಕೆಲಸ. ಸಭಾಪಾಲಕರಾದ ಕರುಣಾಕರ ಅಯ್ಯನವರಿಗೆ ಹನೂರಿನ ಸುತ್ತ ಇಂಥ ಹಲವು ಸಭೆಗಳಿವೆ, ಎರಡು ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಹೋಗುತ್ತಾರೆ. ಬೆಂಗಳೂರಿನ ಮೇಲಿನ ಕೋರ್ಸಿಗೆ ಈ ಭಾಗದಿಂದ ಒಬ್ಬರನ್ನು ಸಭೆಯೇ ಖರ್ಚು ಕೊಟ್ಟು ಕಳಿಸುತ್ತದೆ. ಈವರೆಗೆ ಹೋದವರೆಲ್ಲ ಹುಡುಗರು. ಈ ಸಲ ನನ್ನ ಹೆಸರಿದೆ. ಇವಳು ಯೋಗ್ಯಳು ಎಂದು ಅಯ್ಯನವರು ಒಂದು ಮಾತು ಹೇಳಬೇಕು, ಅಷ್ಟೇ ಬಾಕಿ. ಅಮ್ಮ ಆಗಲೇ ಕೊಳ್ಳೇಗಾಲದ ಬೀದಿಗೆಲ್ಲ ಸಾರಿಬಿಟ್ಟಿದ್ದಾಳೆ.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಹಾಡಿನ ಅಭ್ಯಾಸ ಮುಗಿದಿತ್ತು. ರೂಪ ಮತ್ತು ಹುಡುಗಿಯರು ಕಸ ಗುಡಿಸುತ್ತ, ದೊಡ್ಡ ಮೈದಾನಗಳಲ್ಲಿ ರೋಗ ಓಡಿಸುವ ಪ್ರಸಂಗಿಯ ಹಾಗೆ ಮಾಡಿ ತೋರಿಸಿ ಎಂದು ಪೀಡಿಸಿದರು. ನನ್ನನ್ನು ಪೀಡಿಸುವ ಅಗತ್ಯ ಎಂದಾದರೂ ಇತ್ತೇ? ಟವೆಲ್ಲನ್ನು ಹೆಗಲಿಗೆ ಹಾಕಿ, ಟಾರ್ಚನ್ನು ಮೈಕು ಮಾಡಿಕೊಂಡು ಶುರುಮಾಡಿದೆ. ಮಂಡಿನೋವೇ, ತೊಲಗು. ಗಣಿತದಲ್ಲಿ ಫೇಲಾಗುವ ದುರಾತ್ಮವೇ, ಇವಳನ್ನು ಬಿಟ್ಟು ಹೊರಗೆ ಬಾ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಪುಟ್ಟಮಾದಪ್ಪ. ಮಂದಿರದ ಪಕ್ಕದ ಮನೆಯವನು, ಬೀಗ ಹಾಕಲು ದಿನಾ ಬರುವವನು. ಹಿಂದೆ ಅವನ ತಾಯಿ ಚಿಕ್ಕಮಾದಮ್ಮ. ಮೊದಲು ಅವನಷ್ಟು ಸರಸರನೆ ಮರ ಹತ್ತುವವರು ಈ ಕಡೆ ಇರಲಿಲ್ಲವಂತೆ. ರಾಮಾಪುರದ ಬಸ್ ಸ್ಟಾಪಿನಲ್ಲಿ ಎಲ್ಲರೆದುರು ಬಿದ್ದು ಒದ್ದಾಡಿದ ಮೇಲೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅವನು ಎಲ್ಲಿ ಹೋದರೂ ತಾಯಿ ಒಂದು ಬಟ್ಟೆ ಹಿಡಿದು ಹಿಂದೆ ಹೋಗುತ್ತಾಳೆ, ನಾಲಗೆ ಕಚ್ಚಿಕೊಂಡರೆ ಬಾಯಿಗಿಡಲು. ಹಾಗೆ ಏನನ್ನೂ ಬಾಯಿಗೆ ತುರುಕಬಾರದೆಂದು ನೀನು ಹೇಳುತ್ತಿದ್ದೆ, ನಾನದನ್ನೂ ಅವಳಿಗೆ ತಿಳಿಸಿರಲಿಲ್ಲ. ಆ ಸಂಜೆ ಅವನು ನೇರ ಬಂದು ನನ್ನ ಮುಂದೆ ಮೊಣಕಾಲೂರಿದ. ಹುಡುಗಿಯರ ನಗು ನಿಂತಿತು.

ಇದು ಆಟ ಕಣಣ್ಣ ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಅಷ್ಟು ಜನರ ಮುಂದೆ ಅವನಿಗೆ ಅವಮಾನವಾಗುತ್ತದೆ ಎಂದುಕೊಂಡೆ. ಟಾರ್ಚು ಕೆಳಗಿಟ್ಟು ತಲೆಯ ಮೇಲೆ ಕೈ ಇಟ್ಟೆ. ಅದೇ ಗುಡುಗುವ ದನಿಯಲ್ಲಿ, ಇಂದಿನಿಂದ ನಿನಗೆ ಬಿಡುಗಡೆ, ಎದ್ದು ಹೋಗು ಎಂದೆ. ಅವನು ಎದ್ದು ಹೋದ.

ಮಾತ್ರೆ ಬಿಟ್ಟ ವಿಷಯ ಇವತ್ತಿನವರೆಗೆ ನನಗೆ ಗೊತ್ತೇ ಇರಲಿಲ್ಲ.

ಈ ವಾಕ್ಯ ಬರೆದು ಹೊರಗೆ ಹೋಗಿ ಮುಖ ತೊಳೆದು ಬಂದೆ. ಅದು ಸುಳ್ಳು. ಎರಡು ವಾರದ ಹಿಂದೆ ರೂಪ ಹೇಳಿದ್ದಳು, ಮಾದಪ್ಪಣ್ಣ ಮಾತ್ರೆ ತರಲು ಹನೂರಿಗೆ ಹೋಗುವುದನ್ನೇ ನಿಲ್ಲಿಸಿದ್ದಾನಂತೆ ಎಂದು. ನಾನು ಮಾತು ಬದಲಿಸಿ ಅವಳಿಗೆ ಹೊಸ ಹಾಡಿನ ರಾಗ ಹೇಳಿಕೊಟ್ಟೆ.

ಇವತ್ತು ಇಲ್ಲಿ ಸುಗ್ಗಿ ಹಬ್ಬದ ಆರಾಧನೆ. ಜನ ತಮ್ಮ ಬೆಳೆಯ ಮೊದಲ ಪಾಲನ್ನು ಬಲಿಪೀಠದ ಮುಂದಿನ ಬುಟ್ಟಿಗೆ ಹಾಕುತ್ತಾರೆ, ಆಮೇಲೆ ಅದರ ಹರಾಜು. ಇಲ್ಲಿನವರ ಕಟ್ಟುಪಾಡು ಬಿಗಿ. ಬುಟ್ಟಿಗೆ ಬಿದ್ದದ್ದು ದೇವರದು, ಹಾಕಿದವರು ಮತ್ತೆ ಮುಟ್ಟುವಂತಿಲ್ಲ, ಬೇರೆಯವರು ಕೂಗಿ ತೆಗೆದುಕೊಳ್ಳಬೇಕು. ಹರಾಜು ಕೂಗುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು. ಅಯ್ಯನವರೂ ಬಂದಿದ್ದರು, ಅವರೆದುರು ಮಿಂಚಬೇಕೆಂದು ನಾನು ನಿನ್ನೆಯಿಂದಲೇ ಗಂಟಲು ಸಿದ್ಧ ಮಾಡಿಕೊಂಡಿದ್ದೆ. ಒಂದು ಹುಂಜದ ವಂಶಾವಳಿ ಹೇಳಿ ಮಾರಿದೆ. ಕುಂಬಳಕಾಯಿಗೆ ಚರಮಗೀತೆ ಹಾಡಿ ಮಾರಿದೆ. ಜನ ಖುಷಿಯಾಗಿದ್ದರು. ಆಮೇಲೆ ಕೈಗೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಇಗೋ ಗುಪ್ತದಾನ ಎಂದು ಎತ್ತಿ ಹಿಡಿದು ಎಲ್ಲರೆದುರು ಬಿಚ್ಚಿದೆ.

ಮಾತ್ರೆಯ ಪಟ್ಟಿಗಳು.

ಚಿಕ್ಕಮಾದಮ್ಮ ಎದ್ದು ನಿಂತು ಸಾಕ್ಷಿ ಹೇಳಿದಳು. ತನ್ನ ಮಗ ವಾಸಿಯಾದನೆಂದೂ, ಇವು ಇನ್ನು ಮನೆಗೆ ಬೇಡವೆಂದೂ, ಬುಧವಾರದಿಂದ ಗುತ್ತಿಗೆಯವರ ಹುಣಸೆ ತೋಪಿನಲ್ಲಿ ಮರ ಹತ್ತುವ ಕೆಲಸಕ್ಕೆ ಅವನನ್ನು ಕರೆದಿದ್ದಾರೆಂದೂ ಹೇಳಿದಳು. ಎಲ್ಲರೂ ಸ್ತೋತ್ರ ಎಂದರು. ಪುಟ್ಟಮಾದಪ್ಪ ಹೊಸ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ನಗುತ್ತಿದ್ದ.

ಆನೆ ಎದುರಾದಾಗ ಕಾಲು ಏಳುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನನಗೆ ಕಂಡದ್ದು ಮರದ ತುದಿಯ ಕೊಂಬೆ ಮತ್ತು ಆ ಹೊಸ ಅಂಗಿ, ಅಷ್ಟೇ. ಬಾಯಿಬಿಟ್ಟು ಹೇಳಿದೆ. ಅವತ್ತು ನಾನು ಮಾಡಿದ್ದು ಆಟ, ಪ್ರಾರ್ಥನೆಯಲ್ಲ, ಮಾತ್ರೆ ಬಿಡಬೇಡಿ ಎಂದೆ. ಆಮೇಲೆ ಸಭೆಯ ಹಿರಿಯರಾದ ನಟರಾಜಣ್ಣ ಪಕ್ಕದವನ ತೊಡೆ ತಟ್ಟಿ, "ಟೀಚರಮ್ಮ ರೇಟು ಏರುಸ್ತಾವ್ಳೆ ಕಣ್ಲಾ" ಎಂದರು. ಇಡೀ ಮಂದಿರ ನಕ್ಕಿತು. ನಾನು ಮತ್ತೆ ಹೇಳಿದೆ, ಮತ್ತೆ ನಕ್ಕರು. ಅಳು ಬಂತು. ಅಳುವುದನ್ನೂ ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿಕೊಂಡರು.

ನಗದೆ ಇದ್ದವರು ನನಗೆ ಕಂಡಂತೆ ಅಯ್ಯನವರೊಬ್ಬರೇ. ಅವರು ಕೂತಲ್ಲಿಂದಲೇ ಕೈ ಎತ್ತಿ ಆ ಗಂಟನ್ನು ಕೂಗಿದರು. ಎದುರು ಕೂಗಲು ಯಾರಿಗೂ ಮನಸ್ಸಾಗಲಿಲ್ಲ. ಆರಾಧನೆ ಮುಗಿದ ಮೇಲೆ ಬಾವಿಯ ಹತ್ತಿರ ನನ್ನನ್ನು ಕರೆದು ಗಂಟನ್ನು ಕೈಗಿಟ್ಟರು. ಬೈಯುತ್ತಾರೆ ಎಂದು ಕಾದಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಬೆಂಗಳೂರಿನ ಮಾತು ಆಮೇಲೆ ನೋಡೋಣ. ಇದು ಈಗ ನನ್ನದು. ತಗೊಂಡು ಹೋಗಿ ಅವನಿಗೆ ಕೊಟ್ಟು ಬಾ, ನಾನು ಬರೋದಿಲ್ಲ" ಎಂದರು.

ಹೋದೆ. ಪುಟ್ಟಮಾದಪ್ಪ ಜಗಲಿಯಲ್ಲಿ ಕೂತು ಹುಣಸೆ ಬಡಿಯುವ ಗಳದ ತುದಿಗೆ ಕೊಕ್ಕೆ ಕಟ್ಟುತ್ತಿದ್ದ. ಎಲ್ಲವನ್ನೂ ಹೇಳಿದೆ, ಟಾರ್ಚು, ಟವೆಲ್ಲು, ಗಣಿತದ ದುರಾತ್ಮ, ಒಂದನ್ನೂ ಬಿಡಲಿಲ್ಲ. ಅವನು ಕೊಕ್ಕೆ ಕಟ್ಟುತ್ತಲೇ ಇದ್ದ.

"ನೀವು ಆಟ ಆಡುದ್ರಿ, ಸರಿ. ನಾನು ಆಡ್ನಿಲ್ವಲ್ಲ" ಎಂದ. "ಒಂದು ತಿಂಗ್ಳಾಯ್ತು ಟೀಚರಮ್ಮ, ನಮ್ಮವ್ವ ಬಟ್ಟೆ ಇಡ್ಕಂಡು ನನ್ನಿಂದೆ ಬಂದಿಲ್ಲ. ಅದ ವಾಪಸ್ ತಕತೀರಾ?"

ಅದಕ್ಕೆ ಯಾವ ಪಠ್ಯದಲ್ಲಿ ಉತ್ತರವಿದೆ ಅಕ್ಕ? ದುಃಖಿತರನ್ನು ಸಂತೈಸುವ ವಿಷಯದಲ್ಲಿ ನಾನು ಕಾಲೇಜಿಗೇ ಮೊದಲು ಬಂದವಳು. ಒಳಗಿಂದ ಚಿಕ್ಕಮಾದಮ್ಮ ಬಂದಳು. ಅವಳು ನನ್ನ ಮುಖವನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಮಂದಿರದಲ್ಲಿ ನಕ್ಕವರ ಜೊತೆ ಅವಳು ನಕ್ಕಿರಲಿಲ್ಲ. ಅವಳೂ ಹೆದರಿದ್ದಳು. ಆದರೆ ಮಗನ ಹೊಸ ಅಂಗಿಯ ಮುಂದೆ ಹೇಳಲಾರದೆ ನುಂಗಿಕೊಂಡಿದ್ದಳು.

"ಬುಡುಗಡೆ ಅಂತ ಏಳ್ದೋಳು ನೀನು" ಎಂದಳು. "ಮಾತ್ರೆ ನುಂಗು ಅಂತಲೂ ನೀನೇ ಏಳು ಮಗಾ. ಅವತ್ತಿನ ದನೀಲೇ ಏಳು. ಇವ ಅದುಕ್ಕಾದ್ರೆ ಬಗ್ತನೆ."

ಯಾವ ದನಿ ಬೇಕಾದರೂ ಎತ್ತುವವಳಲ್ಲವೇ ನಾನು? ಅಯ್ಯನವರದು, ಬಿಷಪ್ಪರದು, ನಿನ್ನದು, ಕೆಟ್ಟುಹೋದ ಆಟೋದ್ದು. ಎದೆ ತುಂಬ ಉಸಿರೆಳೆದುಕೊಂಡೆ. ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡೆ. ಬೆಕ್ಕಿನ ಮರಿಯಂಥ ಒಂದು ಸದ್ದು ಹೊರಟಿತು. ತಾಯಿ ಮಗ ಇಬ್ಬರೂ ಕಾಯುತ್ತಿದ್ದರು. ಕೊನೆಗೆ ನನ್ನ ದನಿಯಲ್ಲೇ, ಅದು ಎಷ್ಟು ಸಣ್ಣದು ಎಂದು ಇವತ್ತೇ ತಿಳಿದದ್ದು, "ಮಾದಪ್ಪಣ್ಣ, ನಂಗೆ ಭಯ ಆಯ್ತಾ ಅದೆ. ನುಂಗಣ್ಣ" ಎಂದೆ.

ಅವನು ಗಳವನ್ನು ಪಕ್ಕಕ್ಕಿಟ್ಟ. ತಾಯಿಯ ಹತ್ತಿರ ನೀರು ಕೇಳಿದ. ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ ನುಂಗಿದ. ಬುಧವಾರದ ಮಾತೆತ್ತಿದೆ. ಮಾತು ಕೊಟ್ಟಿದ್ದೇನೆ, ಹೋಗುತ್ತೇನೆ ಎಂದ. ಮಾತ್ರೆ ನುಂಗಿದ ಮೇಲೆ ಇನ್ನೇನು ಭಯ ಎಂದು ನನ್ನನ್ನೇ ಕೇಳಿದ. ಚಿಕ್ಕಮಾದಮ್ಮ ಹಗ್ಗದ ಮೇಲಿಂದ ಒಂದು ಬಟ್ಟೆ ಎಳೆದು ಮಡಚಿಕೊಂಡಳು. ಅದನ್ನು ಅವನೂ ನೋಡಿದ, ನಾನೂ ನೋಡಿದೆ.

ಅದಕ್ಕೇ ನೀನು ಬರಬೇಕು. ತಿಂಗಳು ಬಿಟ್ಟ ಮಾತ್ರೆಯನ್ನು ಹೀಗೆ ಒಮ್ಮೆಲೇ ಶುರುಮಾಡಬಹುದೋ, ಡಾಕ್ಟರನ್ನು ಕಾಣಬೇಕೋ ನನಗೆ ತಿಳಿಯದು. ನಾನು ಕೊಡಿಸಿದ್ದೇ ತಪ್ಪಾಯಿತೋ ಏನೋ. ಅವನು ಮರ ಹತ್ತಬಾರದು ಎಂದು ಹೇಳುವ ಹಕ್ಕು ನನಗೆ ಉಳಿದಿಲ್ಲ, ನಿನ್ನ ನರ್ಸಿನ ಬಿಳಿ ಉಡುಪಿಗೆ ಇದೆ. ಮಂಗಳವಾರ ರಜೆ ಹಾಕಿ ಕೊಳ್ಳೇಗಾಲದ ಮೇಲೆ ರಾಮಾಪುರದ ಬಸ್ಸು ಹತ್ತು. ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ. ನೀನು ಬಾರದಿದ್ದರೂ ಬುಧವಾರ ಆ ತೋಪಿನಲ್ಲಿ ಮರಕ್ಕೆ ಅಡ್ಡವಾಗಿ ನಿಲ್ಲುತ್ತೇನೆ, ಜನ ನಕ್ಕರೆ ನಗಲಿ. ಅಮ್ಮನಿಗೆ ಹೇಳಬೇಡ. ಬೆಂಗಳೂರು ತಪ್ಪಿದರೆ ನಾನೇ ಹೇಳುತ್ತೇನೆ.

ಆಟ ಆಡದೆ ಬರೆದ ಮೊದಲ ಕಾಗದಕ್ಕೆ ರುಜು ಹಾಕುತ್ತಿರುವ ನಿನ್ನ ತಂಗಿ,
ಶೀಲಿ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ನಾನು ಮಾಡಿದ್ದೆಲ್ಲ ಆಟ ಎಂದು ಮಂದಿರದಲ್ಲಿ ಹೇಳಿದೆ, ಅವನ ಜಗಲಿಯಲ್ಲಿ ಹೇಳಿದೆ, ನಿನಗೂ ಬರೆದೆ. ಟಾರ್ಚು ಕೆಳಗಿಡುವವರೆಗೆ ಅದು ನಿಜ. ಆದರೆ ಅವನ ತಲೆ ಮುಟ್ಟಿದಾಗ ಕೂದಲು ಬೆವರಿನಿಂದ ಒದ್ದೆಯಾಗಿತ್ತು. ಅಷ್ಟು ದೊಡ್ಡ ಮನುಷ್ಯ ನಡುಗುತ್ತಿದ್ದ. ಬಾಯಿ ಆ ಪ್ರಸಂಗಿಯ ದನಿಯಲ್ಲಿ ಗುಡುಗುತ್ತಿದ್ದಾಗ ಒಳಗೆ ನಾನು ಬೇಡಿಕೊಂಡೆ, ಅಕ್ಕ. ನಾಲ್ಕು ವರ್ಷ ದೇವಶಾಸ್ತ್ರ ಓದಿ ಒಮ್ಮೆಯೂ ಹಾಗೆ ಬೇಡಿರಲಿಲ್ಲ. ಆಮೇಲೆ ಒಂದು ತಿಂಗಳು ಅವನಿಗೆ ಫಿಟ್ಸ್ ಬರಲಿಲ್ಲ. ಯಾಕೆ ಬರಲಿಲ್ಲವೋ ನಾನು ಕಾಣೆ. ನನಗೆ ಹೆಚ್ಚು ಭಯವಾಗುತ್ತಿರುವುದು ಅದನ್ನು ನೆನೆದೇ. ಇದನ್ನು ಅವನ ಮುಂದೆ ಬಾಯಿ ತಪ್ಪಿಯೂ ಅನ್ನಬೇಡ. ತಿಳಿದರೆ ನಾಳೆಯೇ ಮಾತ್ರೆ ಬಿಡುತ್ತಾನೆ.